ಆಬಾಲವೃದ್ಧರ ಕರಾವಳಿ ಯಾತ್ರೆ

ಕುಟುಂಬಸಮೇತರಾಗಿ ಪ್ರಯಾಣ ಹೊರಡುವುದೆಂದರೆ ಒಂದು ಸಣ್ಣ ಸಂಸ್ಥಾನವನ್ನೇ ಎತ್ತಿಕೊಂಡು ಹೋದಂತೆ. ಅದರಲ್ಲಿಯೂ 84 ವರ್ಷದ ನಮ್ಮ ತಾಯಿಯವರಿಂದ ಮೊದಲ್ಗೊಂಡು ಹನ್ನೊಂದು ತಿಂಗಳ ಕೂಸಿನವರೆಗೆ ನಾಲ್ಕು ತಲೆಮಾರಿನ ಒಂಬತ್ತು ಮಂದಿ ಒಂದೇ ವಾಹನದಲ್ಲಿ ಸಾಗರದಿಂದ ಘಟ್ಟವಿಳಿದು, ಕಡಲತಡಿಯಲ್ಲಿ ಸಂಚರಿಸಿ, ಸುಖವಾಗಿ ಮನೆಗೆ ಮರಳಬೇಕೆಂದರೆ ಅದರ ಸಿದ್ಧತೆಯೇ ಒಂದು ಪ್ರಕರಣವಾಗುತ್ತದೆ. ಕಳೆದ ಮಾರ್ಗಶಿರದಲ್ಲಿ ನಾವು ಕೈಗೊಂಡ ಅಂತಹ ಯಾತ್ರೆಯ ವೃತ್ತಾಂತವನ್ನು, ಮುಖ್ಯವಾಗಿ ಹೊರಡುವುದಕ್ಕೆ ಮೊದಲು ನಡೆದ ಸಂಗತಿಯನ್ನು, ವಾಚಕರ ಮುಂದಿಡುತ್ತೇವೆ.

ಮೊದಲ ಪಟ್ಟಿಯನ್ನು ತಯಾರಿಸಿದವನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಚಿರಂಜೀವಿ. ಎರಡು ದಿನಗಳಲ್ಲಿ ಗೋಕರ್ಣ, ಮುರುಡೇಶ್ವರ, ಮರವಂತೆ, ಉಡುಪಿ, ಕೊಲ್ಲೂರು! ಮೊಬೈಲಿನ ನಕ್ಷೆಯು ಇಷ್ಟು ಗಂಟೆ, ಇಷ್ಟು ನಿಮಿಷವೆಂದು ಲೆಕ್ಕ ಹೇಳಿತ್ತು. ಆ ನಕ್ಷೆಗೆ ಹಸಿವಿಲ್ಲ, ಬಾಯಾರಿಕೆಯಿಲ್ಲ, ಘಟ್ಟದ ತಿರುವಿನಲ್ಲಿ ಹೊಟ್ಟೆ ತೊಳಸುವುದಿಲ್ಲ. ನಾವಾದರೂ ಹಿಂದೆ ಬೀಳಲಿಲ್ಲ. ಕರಿಮೆಣಸಿನ ರಾಣಿಯೆಂದು ಹೆಸರಾದ ಚೆನ್ನಭೈರಾದೇವಿಯ ಗೇರುಸೊಪ್ಪೆಯಲ್ಲಿರುವ ಚತುರ್ಮುಖ ಬಸದಿ, ಇಡಗುಂಜಿಯ ದ್ವಿಭುಜ ಗಣಪತಿ, ಅಪ್ಸರಕೊಂಡ ಎಂದು ಸ್ಥಳಪುರಾಣಸಹಿತವಾದ ಮತ್ತೊಂದು ಪಟ್ಟಿಯನ್ನು ಅದಕ್ಕೆ ಜೋಡಿಸಿದೆವು. ತಂದೆ ಮಕ್ಕಳಿಬ್ಬರೂ ಎರಡು ದಿನ ವಾದಿಸಿದೆವು. ತಾಯಿಯವರನ್ನು ಮಾತ್ರ ಯಾರೂ ಕೇಳಲಿಲ್ಲ.

ಮೂರನೆಯ ದಿನ ಅವರಾಗಿಯೇ, "ನೀವೆಲ್ಲ ಹೋಗಿ ಬನ್ನಿ. ಮನೆ ಕಾಯುವುದಕ್ಕೆ ಒಬ್ಬರು ಬೇಕಲ್ಲ, ನಾನು ಇರುತ್ತೇನೆ" ಎಂದರು. ಹೊನ್ನಾವರದ ಹೊಳೆಸಾಲಿನಲ್ಲಿ ಹುಟ್ಟಿ ಬೆಳೆದವರು ಅವರು. ತವರಿನ ಮನೆ ಪರರ ಪಾಲಾದ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಆ ಕಡೆಗೆ ಹೋಗಿರಲಿಲ್ಲ. ಈ ಯಾತ್ರೆಯ ಮಾತು ಹುಟ್ಟಿದ್ದೇ ಅವರಿಗೆ ಒಮ್ಮೆ ಶರಾವತಿಯನ್ನು ತೋರಿಸಬೇಕೆಂಬ ಉದ್ದೇಶದಿಂದ. ಮಂಡಿನೋವೇ ಕಾರಣವಿರಬೇಕೆಂದು ನಾವು ಎಣಿಸಿ, ಬಲವಂತಪಡಿಸುವುದು ಸಲ್ಲದೆಂದು ಸುಮ್ಮನಾದೆವು. ನಿಜವಾದ ಕಾರಣವನ್ನು ಹೊರಗೆಡಹಿದವಳು ಎಂಟು ವರ್ಷದ ಮೊಮ್ಮಗಳು. ರಾತ್ರಿ ಊಟವಾದ ಮೇಲೆ ನಮ್ಮ ಕಿವಿಯ ಬಳಿ ಬಂದು, "ಅಜ್ಜ, ದೊಡ್ಡಜ್ಜಿಗೆ ಗಂಟೆಗೊಂದು ಸಲ ಬಚ್ಚಲಿಗೆ ಹೋಗಬೇಕಂತೆ. ಗಾಡಿ ನಿಲ್ಲಿಸಿ ಅಂತ ಎಲ್ಲರ ಮುಂದೆ ಹೇಳಲು ನಾಚಿಕೆಯಂತೆ. ನೀರು ಕುಡಿಯದೇ ಬಂದರೆ ಆಗಬಹುದಾ ಅಂತ ನನ್ನನ್ನು ಕೇಳಿದರು" ಎಂದಳು.

ಆ ಮಾತು ಕೇಳಿ ನಮಗಾದ ಸಂಕೋಚವನ್ನು ವರ್ಣಿಸಲಾರೆವು. ಜಲಬಾಧೆಯಂತಹ ಸಾಮಾನ್ಯ ದೇಹಧರ್ಮಕ್ಕಾಗಿ ಒಬ್ಬ ವೃದ್ಧಮಾತೆ ತನ್ನ ಹೊಳೆಯನ್ನೇ ಬಿಟ್ಟುಕೊಡಲು ಸಿದ್ಧಳಾಗಿದ್ದಳು. ಎಷ್ಟೋ ವರ್ಷ ಶಾಲೆಯಲ್ಲಿ ಮೇಘದೂತದ ಪಾಠ ಹೇಳಿದವರು ನಾವು. ಅಲ್ಲಿ ಯಕ್ಷನು ಮೇಘಕ್ಕೆ ದಾರಿ ಹೇಳಲು ತೊಡಗುವಾಗಲೇ, ದಣಿದಾಗ ಎಲ್ಲಿ ತಂಗಬೇಕು, ಏನು ಕುಡಿಯಬೇಕು ಎಂಬುದನ್ನು ಎತ್ತುತ್ತಾನೆ. ಮೋಡದ ದಣಿವನ್ನು ಮಕ್ಕಳಿಗೆ ವಿವರಿಸಿದ ನಮಗೆ ಮನೆಯವರ ದಣಿವು ಹೊಳೆಯಲಿಲ್ಲ.

ಮರುದಿನ ಎರಡು ಪಟ್ಟಿಗಳನ್ನೂ ಒಲೆಗೆ ಹಾಕಿ ಹೊಸದಾಗಿ ಆರಂಭಿಸಿದೆವು. ನೋಡತಕ್ಕ ಸ್ಥಳಗಳನ್ನು ಬಿಟ್ಟು ನಿಲ್ಲತಕ್ಕ ಸ್ಥಳಗಳನ್ನು ಮೊದಲು ಗುರುತಿಸಿದೆವು. ಮುಕ್ಕಾಲು ಗಂಟೆಗೊಂದು ನಿಲುಗಡೆ. ಅಲ್ಲಿ ಶುಚಿಯಾದ ಶೌಚಗೃಹವಿರಬೇಕು. ಆ ನಿಲುಗಡೆಯು ಕೂಸಿನ ಹಾಲಿಗೆ, ಹುಡುಗರ ಓಟಕ್ಕೆ, ನಮ್ಮ ಸೊಂಟಕ್ಕೆ ಸಹ ಒದಗುವುದರಿಂದ, ಯಾರಿಗಾಗಿ ನಿಲ್ಲಿಸಿದ್ದೆಂದು ಯಾರೂ ಹೇಳಬೇಕಾಗಿಲ್ಲ. ಈ ಉಪಾಯವು ನಮ್ಮ ಸೊಸೆಯದು. ವಸತಿಗೃಹಗಳಿಗೆ ಆಕೆಯೇ ಫೋನು ಮಾಡಿ, ನೆಲಮಾಳಿಗೆಯ ಕೋಣೆ, ಕುರ್ಚಿಯಂತೆ ಕುಳಿತುಕೊಳ್ಳುವ ಕಮೋಡು, ರಾತ್ರಿಗೆ ಬಿಸಿನೀರು ಇವೆಯೇ ಎಂದು ವಿಚಾರಿಸಿದಳು. ಎರಡು ದಿನದ ಯಾತ್ರೆ ನಾಲ್ಕು ದಿನದ್ದಾಯಿತು. ಗೋಕರ್ಣ, ಉಡುಪಿಗಳು ಬಿಟ್ಟುಹೋದುವು. ನಮ್ಮ ಬಸದಿಯೂ ಅಪ್ಸರಕೊಂಡದ ಮೆಟ್ಟಿಲುಗಳೂ ಹೋದುವು. ಅದಕ್ಕಾಗಿ ಸ್ವಲ್ಪ ವ್ಯಥೆಪಟ್ಟೆವೆಂದು ಒಪ್ಪಿಕೊಳ್ಳುತ್ತೇವೆ. ಮರಳುವ ದಾರಿ ಕೊಲ್ಲೂರಿನಿಂದ ಸಿಗಂದೂರಿನ ಹೊಸ ಸೇತುವೆಯ ಮೇಲೆ ಆಗಬೇಕೆಂಬುದೊಂದೇ ತಾಯಿಯವರು ಬಾಯಿಬಿಟ್ಟು ಕೇಳಿದ್ದು. ಏಕೆಂದು ಆಗ ನಾವು ಕೇಳಲಿಲ್ಲ.

ಕಾಲದ ವಿಷಯದಲ್ಲಿ ಚರ್ಚೆಗೆ ಆಸ್ಪದವಿರಲಿಲ್ಲ. ಮಳೆಗಾಲದಲ್ಲಿ ಘಟ್ಟ ಕರಾವಳಿಗಳ ರಸ್ತೆಯನ್ನು ನಂಬಲಾಗದು. 2024ರ ಜುಲೈ ತಿಂಗಳಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆಯೇ ಕುಸಿದು ಜನರನ್ನು ಬಲಿ ತೆಗೆದುಕೊಂಡುದನ್ನು ಎಲ್ಲರೂ ಬಲ್ಲರು. ಬೇಸಗೆಯ ಸೆಕೆ ಮುದುಕರಿಗೂ ಕೂಸಿಗೂ ಆಗದು. ಆದ್ದರಿಂದ ಮಾರ್ಗಶಿರವನ್ನೇ ಆರಿಸಿ, ಮೊಮ್ಮಕ್ಕಳ ಶಾಲೆಗೆ ರಜಾಚೀಟಿ ಬರೆದುಕೊಟ್ಟೆವು. ಇಂತಹ ಚೀಟಿಗಳನ್ನು ಮೂವತ್ತಕ್ಕೂ ಹೆಚ್ಚು ವರ್ಷ ನಾವು ಹುಬ್ಬುಗಂಟಿಕ್ಕಿ ಓದಿದವರೆಂಬುದನ್ನು ನೆನೆದು ನಮ್ಮ ಮನೆಯವರು ಬಹಳ ನಕ್ಕರು.

ಸಾಗರದಿಂದ ಜೋಗದ ಮೇಲೆ ಗೇರುಸೊಪ್ಪೆ ಘಟ್ಟವಿಳಿದು ಹೊನ್ನಾವರಕ್ಕೆ ಸುಮಾರು 90 ಕಿಲೋಮೀಟರು. ಬೆಳಗ್ಗೆ ಹೊಟ್ಟೆತುಂಬ ತಿನ್ನಿಸದೆ ಹಗುರಾದ ಅವಲಕ್ಕಿ ಕೊಟ್ಟು, ಹುಡುಗರನ್ನು ಮುಂದಿನ ಆಸನಗಳಲ್ಲಿ ಕೂರಿಸಿ, ಕೈಗೊಂದು ನಿಂಬೆಹಣ್ಣು ಕೊಟ್ಟೆವು. ಆದರೂ ಚಿಕ್ಕವನು ಎರಡು ಸಲ ವಾಂತಿ ಮಾಡಿದನು. ಘಟ್ಟ ಮುಗಿದು ಎಡಗಡೆಗೆ ತೆಂಗು ಅಡಕೆಗಳ ನಡುವೆ ಶರಾವತಿ ಕಾಣಿಸಿಕೊಂಡಾಗ ತಾಯಿಯವರು ಕಿಟಕಿಯ ಗಾಜನ್ನು ಇಳಿಸಲು ಹೇಳಿದರು. ಹೊನ್ನಾವರದವರೆಗೆ ಮತ್ತೆ ಏರಿಸಗೊಡಲಿಲ್ಲ.

ಹೊನ್ನಾವರದ ಬಳಿ ಪ್ರವಾಸಿಗರನ್ನು ದೋಣಿಯಲ್ಲಿ ಕಾಂಡ್ಲಾ ಗಿಡಗಳ ನಡುವೆ ಸುತ್ತಿಸುವವರಿದ್ದಾರೆ. ಆದರೆ ಮಂಡಿ ಬಾಗದವರು ದೋಣಿ ಹತ್ತುವುದು ಹೇಗೆ? ಮೊದಲೇ ಫೋನಿನಲ್ಲಿ ಕೇಳಿದಾಗ ದೋಣಿಯವನು ಹೇಳಿದ ಮಾತು ಬಹು ಬೆಲೆಯುಳ್ಳದ್ದು: ಅಳಿವೆಯ ಸಮೀಪದಲ್ಲಿ ಹೊಳೆಯೂ ಕಡಲಿನೊಡನೆ ಏರಿಳಿಯುತ್ತದೆ, ಉಬ್ಬರ ತುಂಬಿದ ಹೊತ್ತಿಗೆ ಬಂದರೆ ದೋಣಿಯ ಅಂಚು ಕಟ್ಟೆಯ ಮಟ್ಟಕ್ಕೆ ಬರುವುದು, ಇಳಿತದಲ್ಲಿ ಕೆಸರಿನ ಮೆಟ್ಟಿಲುಗಳನ್ನು ಇಳಿಯಬೇಕಾಗುವುದು. ಉಬ್ಬರದ ವೇಳೆಯು ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದಕ್ಕೆ ಹೋಗುತ್ತದೆ, ಏಕೆಂದರೆ ಅದು ಚಂದ್ರನನ್ನು ಅನುಸರಿಸುತ್ತದೆ. ನಾವು ಪಂಚಾಂಗ ಹಿಡಿದು, ಮಗನು ಮೊಬೈಲು ಹಿಡಿದು ವೇಳೆಯನ್ನು ಗೊತ್ತುಮಾಡಿದೆವು. ಯಾತ್ರೆಯ ಸಿದ್ಧತೆಯಲ್ಲಿ ನಾವಿಬ್ಬರೂ ಒಮ್ಮತಕ್ಕೆ ಬಂದದ್ದು ಅದೊಂದೇ ಸಲ.

ಸಂಜೆ ನಾಲ್ಕೂವರೆಗೆ ಕಟ್ಟೆಯಿಂದ ದೋಣಿಗೆ ಒಂದೇ ಹೆಜ್ಜೆ. ಮಗನೂ ದೋಣಿಯವನೂ ಎರಡು ಕಡೆ ಹಿಡಿದುಕೊಂಡರು. ಜೀವರಕ್ಷಕ ಅಂಗಿಯನ್ನು ಸೀರೆಯ ಮೇಲೆ ತೊಡಿಸಿದಾಗ ಮಾತ್ರ ತಾಯಿಯವರು, "ನಾವು ಹುಡುಗಿಯರಿದ್ದಾಗ ಇದೆಲ್ಲ ಎಲ್ಲಿತ್ತು?" ಎಂದು ಗೊಣಗಿದರು. ದೋಣಿ ಕಾಂಡ್ಲಾದ ನೆರಳಿಗೆ ಹೊಕ್ಕಿತು. ಬೇರುಗಳು ನೀರಿನ ಮೇಲೆ ಕಮಾನುಗಳಂತೆ ನಿಂತಿದ್ದುವು. ದೂರದಲ್ಲಿ ಕೊಂಕಣ ರೈಲಿನ 2 ಕಿಲೋಮೀಟರಿಗೂ ಮಿಕ್ಕ ಸೇತುವೆಯ ಮೇಲೆ ಗಾಡಿಯೊಂದು ಹಾದುಹೋಯಿತು. ಹುಡುಗರು ಡಬ್ಬಿ ಎಣಿಸುವುದರಲ್ಲಿ ಮಗ್ನರಾದರು. ತಾಯಿಯವರು ಕೈಯನ್ನು ನೀರಿನಲ್ಲಿಳಿಸಿ ಬೆರಳನ್ನು ನಾಲಿಗೆಗೆ ಮುಟ್ಟಿಸಿ, "ಉಪ್ಪು ಏರಿದೆ" ಎಂದರು. ಸೇತುವೆಗಳಿಲ್ಲದ ಆ ಕಾಲದಲ್ಲಿ ತಂದೆಯವರೊಡನೆ ಹೊನ್ನಾವರದ ಪೇಟೆಗೆ ದೋಣಿಯಲ್ಲಿ ಬರುವಾಗ, ಪೇಟೆ ಹತ್ತಿರವಾಯಿತೆಂಬುದನ್ನು ಕತ್ತಲೆಯಲ್ಲಿಯೂ ಹೀಗೆಯೇ ತಿಳಿಯುತ್ತಿದ್ದರಂತೆ. ಅರುವತ್ತು ವರ್ಷ ಅವರ ಮಗನಾಗಿದ್ದೂ ನಾವು ಇದನ್ನು ಕೇಳಿರಲಿಲ್ಲ.

ಮರುದಿನ ಕಾಸರಕೋಡಿನ ಕಡಲತೀರ. ಶುಚಿತ್ವಕ್ಕಾಗಿ 2020ರಲ್ಲಿ ನೀಲಿ ಬಾವುಟದ ಮನ್ನಣೆ ಪಡೆದ ತೀರವಾದ್ದರಿಂದ ಶೌಚಗೃಹದ ಚಿಂತೆಯಿರಲಿಲ್ಲ. ಇಡಗುಂಜಿಯಲ್ಲಿ ದರ್ಶನವಾಯಿತು. ಮುರುಡೇಶ್ವರದ ಇಪ್ಪತ್ತು ಅಂತಸ್ತಿನ ಗೋಪುರವೂ 123 ಅಡಿಯ ಶಿವಮೂರ್ತಿಯೂ ಹುಡುಗರಿಗೆ ಪರಮಾನಂದವನ್ನಿತ್ತುವು. ಗದ್ದಲ ನಮಗೆ ಒಗ್ಗಲಿಲ್ಲ.

ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆ. ಕಡಲನ್ನು ಮುಟ್ಟಿಯೇಬಿಟ್ಟಳೆನ್ನುವಾಗ ಆ ನದಿ ಓರೆಯಾಗಿ ತಿರುಗಿ, ಗಂಗೊಳ್ಳಿಯವರೆಗೆ ಹರಿದು ಅಲ್ಲಿ ಕಡಲನ್ನು ಸೇರುತ್ತಾಳೆ. ನಾಲ್ಕು ಪಥದ ಹೆದ್ದಾರಿಯಲ್ಲಿ ವಾಹನಗಳು ಬಾಣದಂತೆ ಹೋಗುತ್ತಿದ್ದುದರಿಂದ ಸುರಕ್ಷಿತವಾದ ಎಡೆಗಾಗಿ ಚಾಲಕನು ನಿಧಾನಿಸುತ್ತಿದ್ದನು. ಅಷ್ಟರಲ್ಲಿ ಹಿಂದಿನಿಂದ, "ಬೇಗ ನಿಲ್ಲಿಸೋ ಮಾರಾಯ, ನನಗೆ ಅವಸರವಿದೆ!" ಎಂದು ಗಟ್ಟಿಯಾದ ಕಂಠ ಕೇಳಿಬಂತು. ತಾಯಿಯವರೇ! ಮೊಮ್ಮಗಳು ನಮ್ಮ ಮುಖವನ್ನು ನೋಡಿದಳು.

ಕೊಲ್ಲೂರಿನಲ್ಲಿ ಒಂದು ರಾತ್ರಿ ತಂಗಿ, ನಾಗೋಡಿಯ ಮೇಲೆ ಸಿಗಂದೂರಿಗೆ ಬಂದೆವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗಿನಿಂದ ಈ ಸೀಮೆಯವರು ಸಾಗರಕ್ಕೆ ಹೋಗಲು ಲಾಂಚಿಗಾಗಿ ಕಾಯುತ್ತಿದ್ದರು. 2025ರ ಜುಲೈ ತಿಂಗಳಲ್ಲಿ ಕಳಸವಳ್ಳಿಗೂ ಅಂಬಾರಗೋಡ್ಲಿಗೂ ನಡುವೆ ಸೇತುವೆ ತೆರೆಯಿತು. ಮಧ್ಯದಲ್ಲಿ ವಾಹನ ನಿಲ್ಲಿಸುವಂತಿಲ್ಲವಾದ್ದರಿಂದ ಚಾಲಕನು ಮೆಲ್ಲನೆ ನಡೆಸಿದನು. ತಾಯಿಯವರು ಎರಡೂ ಕಡೆಯ ನೀರನ್ನು ನೋಡುತ್ತಿದ್ದು, "ಅಕ್ಕನ ಮನೆ ಇಲ್ಲೇ ಎಲ್ಲೋ ಕೆಳಗಿದೆ. ಮನೆಯ ಮುಂದೆ ಎರಡು ಹಲಸಿನ ಮರಗಳಿದ್ದುವು" ಎಂದರು. ಆಚೆಯ ದಡದಲ್ಲಿ ಗಾಡಿ ನಿಂತಿತು. ಮೊಮ್ಮಗಳು ಅವರ ಕೈಹಿಡಿದು ಇಳಿಸಿ, ಹಲಸಿನ ಮರಗಳು ಯಾವ ದಿಕ್ಕಿಗೆ ಇದ್ದುವೆಂದು ಕೇಳತೊಡಗಿದಳು.