ಬ್ಯಾಂಕಾಕ್ ಮುಗಿಯುವ ಜಾಗ

ಅಪರಿಚಿತರ ವಾಹನಕ್ಕೆ ಕೈ ಅಡ್ಡ ಹಿಡಿದು, ಅವರ ದಾರಿ ಇದ್ದಷ್ಟು ದೂರ ಪುಕ್ಕಟೆಯಾಗಿ ಸಾಗುವ ಪ್ರಯಾಣಕ್ರಮಕ್ಕೆ ಹಿಚ್‌ಹೈಕಿಂಗ್ ಎಂಬ ಹೆಸರು ಚಾಲ್ತಿಯಲ್ಲಿದ್ದು, ಕರ್ನಾಟಕದಲ್ಲಿ ಇದನ್ನೇ ಲಿಫ್ಟ್ ಕೇಳುವುದು, ಡ್ರಾಪ್ ತೆಗೆದುಕೊಳ್ಳುವುದು ಎನ್ನುತ್ತಾರೆ. ಇದಕ್ಕೆ ಟಿಕೆಟ್ ಬೇಡ, ಮುಂಗಡ ಬುಕಿಂಗ್ ಬೇಡ. ಊರಿನ ಅಂಚೊಂದು ಮಾತ್ರ ಬೇಕೇ ಬೇಕು. ನಗರದೊಳಗೆ ಓಡಾಡುವ ವಾಹನಗಳಲ್ಲಿ ಹೆಚ್ಚಿನವು ಮುಂದಿನ ತಿರುವಿನಲ್ಲೇ ನಿಂತುಬಿಡುವಂಥವಾದ್ದರಿಂದ, ದೂರಕ್ಕೆ ಹೊರಟ ಲಾರಿ, ಕಾರುಗಳು ಸ್ಥಳೀಯ ಗಿಜಿಗಿಜಿಯಿಂದ ಬೇರ್ಪಟ್ಟರೂ ಇನ್ನೂ ಪೂರ್ತಿ ವೇಗ ಹಿಡಿಯದಿರುವ ಸಂಧಿಸ್ಥಳವನ್ನು ಕಂಡುಕೊಂಡವನಿಗಷ್ಟೇ ಈ ವಿದ್ಯೆ ಒಲಿಯುತ್ತದೆ. ಥಾಯ್ಲೆಂಡಿನ ರಾಜಧಾನಿ ಬ್ಯಾಂಕಾಕ್‌ನಲ್ಲಿ ಅಂಥ ಅಂಚನ್ನು ಹುಡುಕುವುದು ಪ್ರಯಾಣಕ್ಕಿಂತಲೂ ದೊಡ್ಡ ಕೆಲಸ, ಮತ್ತು ಪ್ರಯಾಣಕ್ಕಿಂತಲೂ ಹೆಚ್ಚು ಸ್ವಾರಸ್ಯದ ಕೆಲಸ.

ಈ ತೊಡಕಿಗೆ ಚರಿತ್ರೆಯಲ್ಲಿ ಕಾರಣವಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಬ್ಯಾಂಕಾಕ್ ನೀರನ್ನೇ ನೆಚ್ಚಿ ಬದುಕಿದ ಊರಾಗಿದ್ದು, ಚಾವೊ ಫ್ರಯಾ ನದಿಯೂ ಅದಕ್ಕೆ ಕೂಡಿಕೊಂಡ ಖ್ಲೋಂಗ್‌ಗಳೆಂಬ ಕಾಲುವೆಗಳೂ ಅದರ ಬೀದಿಗಳಾಗಿದ್ದವು. ದೋಣಿಯಿದ್ದವನಿಗೆ ಊರಿನಿಂದ ಹೊರಬೀಳುವುದು ಒಂದು ಸಮಸ್ಯೆಯೇ ಅಲ್ಲ. 1861ರಲ್ಲಿ ಐರೋಪ್ಯ ಕಾನ್ಸಲ್‌ಗಳು, ಕುದುರೆಗಾಡಿಯಲ್ಲಿ ಹವಾ ಸೇವನೆಗೆ ಹೋಗಿ ಅಭ್ಯಾಸವಾದ ತಮಗೆ ಇಲ್ಲಿ ರಸ್ತೆಗಳಿಲ್ಲದೆ ಆರೋಗ್ಯ ಕೆಡುತ್ತಿದೆಯೆಂದು ದೊರೆ ಮೊಂಗ್‌ಕುಟ್‌ನಲ್ಲಿ ಅಹವಾಲು ಮಂಡಿಸಿದರು. ಅದರ ಫಲವಾಗಿ 1862 ಮತ್ತು 1864ರ ನಡುವೆ ಚರೋಯೆನ್ ಕ್ರುಂಗ್ ಎಂಬ ಮೊದಲ ಆಧುನಿಕ ರಸ್ತೆ ಸಿದ್ಧವಾಯಿತು. ಕೆಲವು ವಿದೇಶಿಯರ ಜೀರ್ಣಶಕ್ತಿಯ ನೆಪದಲ್ಲಿ ಒಂದು ಜಲನಗರ ನೆಲನಗರವಾಗಲು ಹೊರಟಿತೆಂದರೆ ಸ್ವಲ್ಪ ಅತ್ಯುಕ್ತಿಯಾದೀತು, ಪೂರ್ತಿ ಸುಳ್ಳಾಗಲಾರದು.

ಮುಂದಿನ ಶತಮಾನದ ಹೆದ್ದಾರಿಗಳು ಈ ಕೆಲಸವನ್ನು ಪೂರೈಸಿದವು. ಉತ್ತರಕ್ಕೆ ಮ್ಯಾನ್ಮಾರ್ ಗಡಿಯ ಮೇ ಸಾಯ್‌ವರೆಗೆ ಸುಮಾರು ಸಾವಿರ ಕಿಲೋಮೀಟರ್ ಹೋಗುವ ಫಹೊನ್ಯೋಥಿನ್, ಆಗ್ನೇಯಕ್ಕೆ ಕಾಂಬೋಡಿಯಾದ ಗಡಿಯತ್ತ ಸಾಗುವ ಸುಖುಮ್ವಿಟ್, ದಕ್ಷಿಣದಲ್ಲಿ ಮಲೇಷ್ಯಾದ ಗಡಿ ಮುಟ್ಟುವ ಫೆಟ್ಕಸೆಮ್ ಎಂಬ ರಸ್ತೆಗಳ ಪೈಕಿ ಮೊದಲನೆಯದು ಒಬ್ಬ ಪ್ರಧಾನಮಂತ್ರಿಯ ನೆನಪಿನದಾದರೆ, ಉಳಿದೆರಡು ಹೆದ್ದಾರಿ ಇಲಾಖೆಯ ಮುಖ್ಯಸ್ಥರಾಗಿದ್ದವರ ಹೆಸರನ್ನು ಹೊತ್ತಿವೆ. ರಸ್ತೆ ಮಾಡಿಸಿದವನ ಹೆಸರನ್ನೇ ರಸ್ತೆಗೆ ಇಡುವ ಈ ಔಚಿತ್ಯವನ್ನು ಬೇರೆ ದೇಶಗಳೂ ಅನುಸರಿಸಬಹುದಾಗಿತ್ತು. ಫಹೊನ್ಯೋಥಿನ್ ಆರಂಭವಾಗುವುದು ನಗರದ ನಡುವಿನ ವಿಜಯ ಸ್ಮಾರಕದ ವೃತ್ತದಿಂದ. ಹೆದ್ದಾರಿ ಹುಟ್ಟಿದ ಮೇಲೆ ಅದರ ಎರಡೂ ಬದಿಗೆ ಅಂಗಡಿ, ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ಕಾರ್ಖಾನೆ ಬೆಳೆದು, ಉತ್ತರದ ರಂಗ್ಸಿತ್ ದಾಟಿದರೂ ಬಯಲು ಕಾಣದಂತಾಯಿತು. 1999ರ ಡಿಸೆಂಬರಿನಲ್ಲಿ ಆರಂಭವಾದ ಎತ್ತರಿಸಿದ ಹಳಿಗಳ ಬಿಟಿಎಸ್ ರೈಲು 2018ರಲ್ಲಿ ಆಗ್ನೇಯದ ಖೇಹಾವನ್ನೂ 2020ರಲ್ಲಿ ಉತ್ತರದ ಖು ಖೋಟ್‌ಅನ್ನೂ ಮುಟ್ಟಿದಾಗ, ಕೊನೆಯ ನಿಲ್ದಾಣದಲ್ಲಿ ಇಳಿದವನ ಎದುರಿಗೂ ನಗರವೇ ನಿಂತಿತ್ತು. ದೂರದ ವಾಹನಗಳನ್ನೆಲ್ಲ ಹೊತ್ತೊಯ್ಯುವ ಸುಂಕದ ಮೇಲ್ಸೇತುವೆಗಳಲ್ಲಿ ಪಾದಚಾರಿಗೆ ಪ್ರವೇಶವಿಲ್ಲ. ಕೆಳಗಿನ ರಸ್ತೆಯಲ್ಲಿ ಸಿಗುವವನು ಮುಂದಿನ ಓಣಿಯವನು.

ಆದ್ದರಿಂದ ಇಲ್ಲಿ ಲಿಫ್ಟ್ ಕೇಳುವವನು ಮೊದಲು ಟಿಕೆಟ್ ಕೊಳ್ಳಬೇಕಾಗುತ್ತದೆ. ಒಂದು ಬಿಡಿಗಾಸನ್ನೂ ಕೊಡದೆ ದೇಶ ದಾಟಬೇಕೆಂಬ ಹಟದ ಪ್ರವಾಸಿಗರಿಗೆ ಇದು ವ್ರತಭಂಗವೆನಿಸುವುದುಂಟು. ಈ ಪ್ರಬಂಧಕಾರನು ಬೆಳೆದ ಮಲೆನಾಡಿನ ಊರಿನಲ್ಲಿ ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಅಡಿಕೆ ಮೂಟೆಯ ಲಾರಿಯೇ ಗತಿಯಾಗಿದ್ದು, ಲಾರಿ ತಿರುಗುವ ಕ್ರಾಸಿನಿಂದ ಮನೆಯವರೆಗೆ ನಡಿಗೆಯೇ ಇದ್ದುದರಿಂದ, ಕಾಸು ಕೊಟ್ಟ ದಾರಿ ಮತ್ತು ಕೊಡದ ದಾರಿಗಳ ನಡುವೆ ಇಂಥ ಮಡಿ-ಮೈಲಿಗೆಯನ್ನು ಅಲ್ಲಿ ಯಾರೂ ಎಣಿಸುತ್ತಿರಲಿಲ್ಲ. ಆ ರೂಢಿಯೇ ಅವನನ್ನು ಬ್ಯಾಂಕಾಕ್‌ನಲ್ಲಿಯೂ ಹಿಂಜರಿಕೆಯಿಲ್ಲದೆ ಟಿಕೆಟ್ ಕಿಂಡಿಯ ಮುಂದೆ ನಿಲ್ಲಿಸಿತು.

ಉತ್ತರಕ್ಕೆ ಹೋಗುವವನಿಗೆ ಮಾರ್ಗ ಸರಳ. 1916ರಲ್ಲಿ ತೆರೆದ ಹುವಾ ಲಂಫೊಂಗ್ ನಿಲ್ದಾಣದಿಂದ ದೂರದ ಎಕ್ಸ್‌ಪ್ರೆಸ್ ಗಾಡಿಗಳೆಲ್ಲ 2023ರ ಜನವರಿಯಲ್ಲಿ ಹೊಸ ನಿಲ್ದಾಣಕ್ಕೆ ಹೋದರೂ ಮೂರನೆಯ ದರ್ಜೆಯ ಸಾದಾ ಗಾಡಿಗಳು ಉಳಿದುಕೊಂಡಿದ್ದು, ಅವು ಸುಮಾರು 70 ಕಿಲೋಮೀಟರ್ ಆಚೆಯ ಅಯುತ್ಥಯಾದಲ್ಲಿ ಇಳಿಸುತ್ತವೆ. ಅಲ್ಲಿಂದ ಹೆದ್ದಾರಿ ಹಿಡಿಯುವುದು ಕಷ್ಟವಲ್ಲ. ಪೂರ್ವದ ದಾರಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ದಕ್ಷಿಣದ ದಾರಿಯ ಮಾತೇ ಬೇರೆ. ಆ ದಿಕ್ಕಿನ ಹೆಬ್ಬಾಗಿಲು ಸ್ವತಃ ಒಂದು ಹಳೆಯ ರೈಲುಮಾರ್ಗ.

ನದಿಯ ಪಶ್ಚಿಮ ದಂಡೆಯ ಥೊನ್‌ಬುರಿ ಭಾಗದಲ್ಲಿ, ದೊರೆ ತಕ್ಸಿನ್‌ನ ಕುದುರೆಯೇರಿದ ಪ್ರತಿಮೆಯಿರುವ ವೃತ್ತದ ಸಮೀಪ, ಬಟ್ಟೆಯಂಗಡಿ, ಹಣ್ಣಿನಂಗಡಿಗಳ ಸಂದಿಯಲ್ಲಿ ಹುಡುಕಿದರೆ ಸಿಗುವ ವೊಂಗ್ವಿಯೆನ್ ಯೈ ನಿಲ್ದಾಣವು ದೇಶದ ಉಳಿದ ಯಾವ ಹಳಿಗೂ ಕೂಡಿಕೊಳ್ಳದ ಮಾರ್ಗದ ಆರಂಭ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಸಮುದ್ರದಂಚಿನ ಮೀನು ಮತ್ತು ತೋಟದ ಫಸಲನ್ನು ರಾಜಧಾನಿಗೆ ತರಲು ಖಾಸಗಿ ಕಂಪನಿಗಳು ಹಾಕಿಸಿದ ಈ ಹಳಿ ಮೊದಲು ಚಾವೊ ಫ್ರಯಾ ದಂಡೆಯ ಖ್ಲೋಂಗ್ ಸಾನ್‌ವರೆಗೂ ಇತ್ತು. ವಾಹನಗಳಿಗೆ ಅಡ್ಡಿಯೆಂದು ಆ ತುದಿಯನ್ನು 1961ರಲ್ಲಿ ಮುಚ್ಚಿದರು. ಉಳಿದ ಭಾಗದಲ್ಲಿ ಡೀಸೆಲ್ ಗಾಡಿಯೊಂದು, ಬಸ್ಸಿಗಿಂತ ಹೆಚ್ಚಿನ ಗತ್ತನ್ನೇನೂ ತೋರಿಸದೆ, ಸುಮಾರು 31 ಕಿಲೋಮೀಟರ್ ದೂರದ ಮಹಾಚೈ ಪಟ್ಟಣಕ್ಕೆ ಒಂದು ತಾಸಿನಲ್ಲಿ ಹೋಗುತ್ತದೆ. ಪ್ರಬಂಧಕಾರನು ಹತ್ತು ಬಾಟ್ ಕೊಟ್ಟು ಹತ್ತಿದ ಡಬ್ಬಿಯಲ್ಲಿ ಛಾವಣಿಯ ಫ್ಯಾನುಗಳು ಗಿರಗಿರ ತಿರುಗುತ್ತಿದ್ದವು. ಎದುರಿನ ಹೆಂಗಸು ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಸೇರಿಸಿ ಕಾಲಡಿಗೆ ತಳ್ಳಿಕೊಂಡಿದ್ದಳು. ಕಿಟಕಿಯಿಂದ ಕೈ ಚಾಚಿದರೆ ಯಾರದೋ ಮನೆಯ ಒಣಹಾಕಿದ ಅಂಗಿ ಸಿಗುವಷ್ಟು ಒತ್ತಿಗೆ ತಗಡಿನ ಮಾಡುಗಳಿದ್ದು, ಅರ್ಧ ದಾರಿ ಕಳೆದ ಮೇಲೆ ಅವು ವಿರಳವಾಗಿ ಬಾಳೆ, ತೆಂಗು, ನಿಂತ ನೀರು ಕಾಣಿಸಿಕೊಂಡವು. ಮೆಟ್ರೋದ ತುದಿಗೆ ಹೋದರೂ ಮುಗಿಯದ ನಗರವು ಇಲ್ಲಿ, ಶತಮಾನದಷ್ಟು ಹಳೆಯ ಹಳಿಯ ಮೇಲೆ, ಗದ್ದಲವಿಲ್ಲದೆ ಮುಗಿದುಹೋಗುತ್ತದೆ.

ಮಹಾಚೈಯಲ್ಲಿ ಹಳಿಯೂ ಮುಗಿಯುತ್ತದೆ. ಇಲ್ಲಿ ಸಮುದ್ರಕ್ಕೆ ಹತ್ತಿರವಾದ ಥಾ ಚಿನ್ ನದಿಗೆ ರೈಲ್ವೆಯವರು ಸೇತುವೆ ಕಟ್ಟಲೇ ಇಲ್ಲವಾದ್ದರಿಂದ, ಒಣಮೀನಿನ ವಾಸನೆಯ ಮಾರುಕಟ್ಟೆಯನ್ನು ಹಾಯ್ದು, ಬೈಕು, ಸೈಕಲ್ಲುಗಳ ಜೊತೆಗೆ ದೋಣಿ ಹತ್ತಿ ಆಚೆ ದಡದ ಥಾ ಚಲೋಮ್‌ಗೆ ಹೋಗಬೇಕು. ಬ್ಯಾಂಕಾಕ್‌ನ ಹೊರಗೆ ಪೌರ ನೈರ್ಮಲ್ಯದ ಆಡಳಿತವನ್ನು ಸ್ಥಳೀಯರ ಕೈಗೆ ಕೊಟ್ಟ ಮೊದಲ ಪ್ರಯೋಗ ದೊರೆ ಚುಲಲೊಂಗ್‌ಕೊರ್ನನ ಕಾಲದಲ್ಲಿ ಈ ಪುಟ್ಟ ಊರಿನಲ್ಲೇ ನಡೆಯಿತು. ಅಲ್ಲಿಂದ ತುಸು ದೂರದ ಬಾನ್ ಲೇಮ್ ನಿಲ್ದಾಣದಲ್ಲಿ ಹಳಿ ಮತ್ತೆ ಹುಟ್ಟಿ, ಉಪ್ಪಿನ ಗದ್ದೆ, ಸಿಗಡಿ ಹೊಂಡಗಳ ನಡುವೆ ಸುಮಾರು 34 ಕಿಲೋಮೀಟರ್ ಹೋಗಿ ಮೇ ಕ್ಲೋಂಗ್ ಮುಟ್ಟುತ್ತದೆ. ಗಾಡಿ ಬಂದಾಗ ವ್ಯಾಪಾರಿಗಳು ಹಳಿಯ ಮೇಲೆ ಚಾಚಿದ ಟಾರ್ಪಾಲುಗಳನ್ನು ಎಳೆದುಕೊಂಡು, ಅದು ದಾಟಿದೊಡನೆ ಮತ್ತೆ ಬಿಚ್ಚುವ ಆ ಊರಿನ ಸಂತೆ ಈಗ ಜಗತ್ಪ್ರಸಿದ್ಧ. ಅದನ್ನು ನೋಡಲು ವ್ಯಾನುಗಳಲ್ಲಿ ಬಂದಿಳಿಯುವವರು ಫೋಟೊ ತೆಗೆದು ವ್ಯಾನಿನಲ್ಲೇ ಮರಳುತ್ತಾರೆ. ರೈಲನ್ನು ರೈಲಿನಂತೆ ಬಳಸುವವರು ಬುಟ್ಟಿಯ ಹೆಂಗಸರು ಮತ್ತು ಲಿಫ್ಟ್ ಹುಡುಕಿಕೊಂಡು ಹೊರಟ ಅಪರೂಪದ ಅಲೆಮಾರಿಗಳು.

ಮೇ ಕ್ಲೋಂಗ್‌ನಿಂದ ಹೆದ್ದಾರಿಗೆ ಸೋಂಗ್‌ಥ್ಯಾವ್ ಸಿಗುತ್ತದೆ. ಪಿಕಪ್ ವಾಹನದ ಹಿಂಭಾಗಕ್ಕೆ ಮಾಡು ಹೊದಿಸಿ, ಎದುರುಬದುರಾಗಿ ಎರಡು ಬೆಂಚು ಹಾಕಿದ ಈ ಗಾಡಿಯಲ್ಲಿ ಇಳಿಯಬೇಕಾದಾಗ ತಲೆಯ ಮೇಲಿನ ಗುಂಡಿ ಒತ್ತಿ, ಇಳಿದು ಬಂದು ಚಾಲಕನ ಕಿಟಕಿಯಲ್ಲಿ ಹಣ ಕೊಡುವುದು ಕ್ರಮ. ಮುಂದಿನದು ದೊರೆ ಎರಡನೆಯ ರಾಮನ ಹೆಸರಿನ, ದುರಸ್ತಿ ಮುಗಿಯುವುದೇ ಇಲ್ಲವೆಂದು ಥಾಯ್ ಜನರ ಗೇಲಿಗೆ ಗುರಿಯಾದ, 35ನೆಯ ಸಂಖ್ಯೆಯ ಹೆದ್ದಾರಿ. ಅದು ಪಾಕ್ ಥೋ ಬಳಿ ಫೆಟ್ಕಸೆಮ್ ರಸ್ತೆಗೆ ಕೂಡಿಕೊಳ್ಳುವುದರಿಂದ ಇಲ್ಲಿನ ಲಾರಿಗಳಲ್ಲಿ ಬಹುಪಾಲು ದಕ್ಷಿಣದವೇ. ಹೆಬ್ಬೆರಳು ಎತ್ತುವ ಪಾಶ್ಚಾತ್ಯ ಸಂಜ್ಞೆಯನ್ನು ಇಲ್ಲಿನವರು ಲಿಫ್ಟಿನ ಕೋರಿಕೆಯೆಂದು ಅರ್ಥಮಾಡಿಕೊಳ್ಳುವುದು ಕಡಿಮೆ; ಕೈ ಮುಂದೆ ಚಾಚಿ, ಅಂಗೈ ನೆಲಕ್ಕೆ ಮಾಡಿ, ಬೆರಳುಗಳನ್ನು ಮೇಲೆ ಕೆಳಗೆ ಆಡಿಸಬೇಕು. ಸರ್ಕಾರಿ ಬಸ್ಸಿಗೆ ಕೈ ತೋರಿಸಿ ಬೆಳೆದ ಕನ್ನಡಿಗನಿಗೆ ಇದನ್ನು ಕಲಿಸಬೇಕಾಗಿಲ್ಲ, ವಾಹನಗಳು ಎಡಬದಿಯಲ್ಲೇ ಓಡುವುದರಿಂದ ಎಲ್ಲಿ ನಿಲ್ಲಬೇಕೆಂದು ಯೋಚಿಸಬೇಕಾಗಿಯೂ ಇಲ್ಲ. ನಿಲ್ಲಿಸುವವರು ಹೆಚ್ಚಾಗಿ ಪಿಕಪ್‌ನವರು. ಹಿಂದಿನ ತೆರೆದ ತೊಟ್ಟಿಯಲ್ಲಿ ಜನರನ್ನು ಕೂರಿಸುವುದನ್ನು ತಡೆಯಲು ಸರ್ಕಾರ 2017ರ ಏಪ್ರಿಲ್‌ನಲ್ಲಿ, ಊರಿಗೆ ಊರೇ ಪ್ರಯಾಣ ಹೊರಡುವ ಸೋಂಗ್‌ಕ್ರಾನ್ ಹೊಸವರ್ಷದ ಹೊಸ್ತಿಲಲ್ಲಿ ಹೊರಟು, ಜನರ ಕೂಗಿಗೆ ಮಣಿದು ಜಾರಿಯನ್ನು ಸಡಿಲಿಸಿತು. ಆ ತೊಟ್ಟಿ ಬಡವರ ಬಸ್ಸು ಎಂಬುದು ಅಂದು ಎಲ್ಲರಿಗೂ ತಿಳಿದ ಸಂಗತಿ. ಅಪಾಯವಂತೂ ಇದ್ದೇ ಇದೆ, ಒಳಗೆ ಜಾಗವಿದ್ದರೆ ಒಳಗೇ ಕೂರುವುದು ಲೇಸು. ಪ್ರಬಂಧಕಾರನನ್ನು ಹತ್ತಿಸಿಕೊಂಡ ಮಂಜುಗಡ್ಡೆ ವ್ಯಾಪಾರಿಯು ಪರದೇಶಿಯೊಬ್ಬ ರಸ್ತೆಬದಿಯಲ್ಲಿ ನಿಂತಿರುವುದಕ್ಕೆ ಬಸ್ಸು ತಪ್ಪಿದ್ದೇ ಕಾರಣವೆಂದು ನಂಬಿ, ಮುಂದಿನ ಬಸ್ ನಿಲ್ದಾಣದಲ್ಲಿ ಇಳಿಸಿ, ಟಿಕೆಟ್ ಕಿಂಡಿಯವರೆಗೂ ಜೊತೆಗೆ ನಡೆದುಬಂದನು. ಇಂಥ ಉಪಕಾರದಿಂದ ಪಾರಾಗಲು ಹೋಗಬೇಕಾದ ಪ್ರಾಂತದ ಹೆಸರನ್ನು ಥಾಯ್ ಲಿಪಿಯಲ್ಲಿ ಬರೆಸಿದ ರಟ್ಟೊಂದು ಕೈಯಲ್ಲಿರುವುದು ಒಳ್ಳೆಯದು.

ಈ ದಾರಿ ಹಿಡಿಯಬೇಕೆನ್ನುವವರು ನೆನಪಿಡಬೇಕಾದದ್ದು ಇಷ್ಟೇ: ಮಹಾಚೈಗೆ ಹೆಚ್ಚುಕಡಿಮೆ ಗಂಟೆಗೊಂದು ಗಾಡಿಯಿದ್ದರೂ ಬಾನ್ ಲೇಮ್‌ನಿಂದ ಮುಂದಕ್ಕೆ ದಿನಕ್ಕೆ ನಾಲ್ಕೇ ಇರುವುದರಿಂದ, ವೊಂಗ್ವಿಯೆನ್ ಯೈಯನ್ನು ಬೆಳಿಗ್ಗೆ ಬೇಗನೆ ಬಿಡಬೇಕು.