ಅಯಸ್ಕಾಂತದಂಥ ಆಸ್ಪತ್ರೆಗಳು

ಮುಖ್ಯೋಪಾಧ್ಯಾಯರ ಸ್ವಭಾವಕ್ಕೆ ಬೇಸತ್ತು ವರ್ಗಾವಣೆ ಬೇಡಿದ ಶಿಕ್ಷಕರನ್ನು ನಾನು ಬಲ್ಲೆ. ದಾದಿಯರ ವೃತ್ತಿಯಲ್ಲಿಯೂ ಇದೇ ಕಥೆ. 1980ರ ಆಸುಪಾಸಿನಲ್ಲಿ ಅಮೆರಿಕದ ಆಸ್ಪತ್ರೆಗಳಿಗೆ ದಾದಿಯರ ಅಭಾವ ಒದಗಿತ್ತು. ಅಲ್ಲಿನ ಶುಶ್ರೂಷಾ ಅಕಾಡೆಮಿಯು, ಅವರು ಎಲ್ಲಿ ನೆಲೆನಿಂತು ಉಳಿಯುತ್ತಾರೆಂದು ಹುಡುಕಿತು. ಅಂಥ 41 ಆಸ್ಪತ್ರೆಗಳನ್ನು 1983ರ ವರದಿಯು ‘ಮ್ಯಾಗ್ನೆಟ್’, ಎಂದರೆ ಅಯಸ್ಕಾಂತ, ಎಂದು ಕರೆಯಿತು. ಸಂಬಳ, ಪಾಳಿಗಳೂ ಲೆಕ್ಕಕ್ಕಿದ್ದವು, ನಿಜ. ಜೊತೆಗೆ, ವಾರ್ಡಿನಲ್ಲಿ ಕಾಣಿಸಿಕೊಳ್ಳುವ, ದಾದಿಯರ ಮಾತಿಗೆ ಕಿವಿಗೊಡುವ, ತೀರ್ಮಾನಗಳಲ್ಲಿ ಅವರನ್ನು ಸೇರಿಸಿಕೊಳ್ಳುವ ಮುಖ್ಯಸ್ಥರು ಅಲ್ಲಿದ್ದರು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು (ದಾದಿ ಎಂದರೆ ಮುನಿಯುತ್ತಾಳೆ, ನರ್ಸ್ ಎನ್ನಬೇಕು) ತನ್ನ ಮೊದಲ ಆಸ್ಪತ್ರೆಯನ್ನು ಎರಡೇ ವರ್ಷದಲ್ಲಿ ತೊರೆದಳು. ಪಾಳಿಯ ಪಟ್ಟಿ ಗೋಡೆಗೆ ಬಂದ ಮೇಲೆ ತಂಗಿಯ ಮದುವೆಗೂ ರಜೆ ಕೇಳುವಂತಿರಲಿಲ್ಲ. ತಪ್ಪಿಗೆ ರೋಗಿಗಳ ಎದುರೇ ಬೈಗುಳ. ಈಗಿನ ಆಸ್ಪತ್ರೆಯಲ್ಲಿ ಸಂಬಳ ತುಸು ಕಡಿಮೆಯೇ. ಆದರೂ 11 ವರ್ಷಗಳಿಂದ ಅಲ್ಲಿಯೇ ಇದ್ದಾಳೆ. ಅಲ್ಲಿನ ಮೇಟ್ರನ್ ರಾತ್ರಿಪಾಳಿಯಲ್ಲಿಯೂ ವಾರ್ಡಿಗೆ ಬರುತ್ತಾರಂತೆ. ತಪ್ಪಾದರೆ ಕೋಣೆಗೆ ಕರೆದು ತಿದ್ದುತ್ತಾರಂತೆ. ಕೊಲ್ಲಿ ದೇಶದ ಕೆಲಸವೊಂದು ಒದಗಿ ಬಂದಾಗಲೂ ಇವಳು ಕದಲಲಿಲ್ಲ.

“ಮುಂದಿನ ವರ್ಷ ಅವರು ರಿಟೈರ್ ಆಗ್ತಾರೆ ಸಾರ್” ಎಂದಳು ಮೊನ್ನೆ. “ಪಾಸ್‌ಪೋರ್ಟ್ ರಿನ್ಯೂ ಮಾಡಿಸಿ ಇಟ್ಟಿದ್ದೀನಿ.”