ಉದ್ಯಾನಕ್ಕೆ ಬಾರದವರು

ನಮ್ಮ ನಾಡಿನ ಯಾವ ಸಣ್ಣ ನಗರಕ್ಕೆ ಹೋದರೂ ಅಲ್ಲೊಂದು ಪಾರ್ಕು ಇರುತ್ತದೆ. ಅದಕ್ಕೊಬ್ಬ ಮಹನೀಯರ ಹೆಸರೂ ಇರುತ್ತದೆ. ನಡುವೆ ನೀರು ಚಿಮ್ಮದ ಕಾರಂಜಿ, ಸುತ್ತಲೂ ದಾನಿಗಳ ಹೆಸರು ಕೆತ್ತಿದ ಕಲ್ಲುಬೆಂಚುಗಳು, ಮೂಲೆಯಲ್ಲಿ ಹಲಗೆ ಮುರಿದ ಜೋಕಾಲಿ, ಬೇಲಿಯ ಬದಿಯಲ್ಲಿ ನಾಲ್ಕಾರು ಹೊಂಗೆಯ ಮರಗಳು. ಹೀಗೆ ಇಪ್ಪತ್ತು ವರ್ಷ ಯಾರ ಗಮನಕ್ಕೂ ಬೀಳದೆ ಬಾಳಿದ ಪಾರ್ಕಿಗೆ ಒಂದು ದಿನ ಹಠಾತ್ತನೆ ಭಾಗ್ಯೋದಯವಾಗುತ್ತದೆ. ಯಾವುದೋ ಯೋಜನೆಯಲ್ಲಿ ಹಣ ಮಂಜೂರಾಗುತ್ತದೆ. 2015ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಅಮೃತ್ ಯೋಜನೆಯಲ್ಲಿಯೂ ಕುಡಿಯುವ ನೀರು, ಒಳಚರಂಡಿಗಳ ಜೊತೆಗೆ ಉದ್ಯಾನಗಳಿಗೆಂದು ಒಂದು ಸಣ್ಣ ಪಾಲು ಮೀಸಲಾಗಿತ್ತು. ಹಣ ಬಂದ ಮೇಲೆ ನಕ್ಷೆಯಾಗಬೇಕು. ನಕ್ಷೆಯಾಗುವ ಮುನ್ನ ಸಭೆ ಸೇರಬೇಕು.

ಸಭೆಯಲ್ಲಿ ಉತ್ಸಾಹಕ್ಕೇನೂ ಕೊರತೆಯಿರುವುದಿಲ್ಲ. ನಿವೃತ್ತ ಅಧಿಕಾರಿಗಳಿಗೆ ಬೆಳಗಿನ ವಾಯುವಿಹಾರಕ್ಕೆ ಸಮನಾದ ಪಥ ಬೇಕು. ತರುಣರಿಗೆ ಕ್ರಿಕೆಟ್ ಆಡಲು ಬಯಲು ಬೇಕು. ಎಂಜಿನಿಯರರಿಗೆ ಕಸ ನಿಲ್ಲದ, ಹುಲ್ಲು ಬೆಳೆಯದ ಸಿಮೆಂಟ್ ಹಾಸು ಬೇಕು. ವಾರ್ಡಿನ ಸದಸ್ಯರಿಗೆ ಬಾಗಿಲಲ್ಲಿ ಒಂದು ಕಮಾನು ಬೇಕು. ಕಮಾನಿನ ಮೇಲೆ ಏನು ಬರೆಯಬೇಕೆಂಬುದನ್ನು ಅವರು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಒಬ್ಬೊಬ್ಬರ ಬೇಡಿಕೆಯಲ್ಲಿಯೂ ಒಂದಿಷ್ಟು ನ್ಯಾಯವುಂಟು. ಆದರೆ ಪಾರ್ಕಿಗೆ ಈಗಾಗಲೇ ಬರುತ್ತಿರುವವರೇ ಸಭೆಗೂ ಬಂದಿದ್ದಾರೆಂಬುದು ಯಾರಿಗೂ ಹೊಳೆಯುವುದಿಲ್ಲ. ಬಾರದವರ ಪರವಾಗಿ ಮಾತನಾಡಲು ಅಲ್ಲಿ ಒಬ್ಬರೂ ಇರುವುದಿಲ್ಲ.

ಬಾರದವರನ್ನು ಲೆಕ್ಕಕ್ಕೆ ಹಿಡಿದ ಊರೊಂದುಂಟು. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ ದೊಡ್ಡ ನಗರವೇ ಹೌದು. ಆದರೆ ಅದು ಕಲಿತ ಪಾಠ ಸಣ್ಣ ಊರಿಗೂ ಸಲ್ಲುತ್ತದೆ. 1990ರ ದಶಕದ ಉತ್ತರಾರ್ಧದಲ್ಲಿ ಅಲ್ಲಿಯ ಪಾರ್ಕುಗಳಿಗೆ ಯಾರು ಯಾರು ಬರುತ್ತಾರೆಂದು ಪರಿಶೀಲಿಸಿದಾಗ ವಿಚಿತ್ರವಾದ ಸಂಗತಿಯೊಂದು ಕಣ್ಣಿಗೆ ಬಿತ್ತು. ಒಂಬತ್ತು ವರ್ಷ ದಾಟುತ್ತಲೇ ಹುಡುಗಿಯರ ಸಂಖ್ಯೆ ಥಟ್ಟನೆ ಇಳಿದುಹೋಗುತ್ತಿತ್ತು. ಅವರನ್ನು ಯಾರೂ ಹೊರಗಟ್ಟಿರಲಿಲ್ಲ. ಆಟಕ್ಕಿದ್ದುದು ಒಂದೇ ಬಯಲು; ಅದನ್ನು ಚೆಂಡು ಹಿಡಿದ ಹುಡುಗರು ಆಕ್ರಮಿಸುತ್ತಿದ್ದರು; ಜಾಗಕ್ಕಾಗಿ ಕಾದಾಡುವ ಮನಸ್ಸಿಲ್ಲದ ಹುಡುಗಿಯರು ಸದ್ದಿಲ್ಲದೆ ಹಿಂದೆ ಸರಿಯುತ್ತಿದ್ದರು. 1999ರಲ್ಲಿ ನಗರದ ಐದನೆಯ ವಿಭಾಗದ ಎರಡು ಪಾರ್ಕುಗಳನ್ನು ಆರಿಸಿ ಅವುಗಳ ವಿನ್ಯಾಸವನ್ನು ಬದಲಾಯಿಸಿದರು. ಬಯಲನ್ನು ಸಣ್ಣ ಸಣ್ಣ ಭಾಗಗಳಾಗಿ ವಿಂಗಡಿಸಿದರು. ನಡೆಯುವ ದಾರಿಗಳನ್ನು ಸುಗಮಗೊಳಿಸಿದರು. ವಾಲಿಬಾಲ್, ಬ್ಯಾಡ್ಮಿಂಟನ್ ಆಟಗಳಿಗೂ ಎಡೆಮಾಡಿಕೊಟ್ಟರು. ಹುಡುಗಿಯರು ಮರಳಿ ಬಂದರು. ಅದಕ್ಕಾಗಿ ಹುಡುಗರು ಪಾರ್ಕು ಬಿಟ್ಟು ಹೋಗಬೇಕಾಗಲೂ ಇಲ್ಲ.

ನಮ್ಮ ಊರುಗಳಲ್ಲಿಯೂ ಇದೇ ಕಥೆ ನಡೆಯುತ್ತಿರುತ್ತದೆ, ಎಣಿಸುವವರಿಲ್ಲ, ಅಷ್ಟೆ. ಏಳು ವರ್ಷದ ಮೊಮ್ಮಗಳು ಅಜ್ಜನ ಕೈಹಿಡಿದು ಜೋಕಾಲಿಗೆ ಬರುತ್ತಾಳೆ. ಹನ್ನೆರಡು ತುಂಬುವ ಹೊತ್ತಿಗೆ ಅವಳಿಗೆ ಅಲ್ಲಿ ಕುಳಿತುಕೊಳ್ಳಲೊಂದು ತಾಣವಿಲ್ಲ. ಸಂಜೆ ದೀಪ ಉರಿಯುವುದಿಲ್ಲ. ಮಗಳು ಕಣ್ಮರೆಯಾಗುವಂತೆ ಪೊದೆಗಳು ಬೆಳೆದಿವೆಯೆಂದು ತಾಯಿ ಕಳುಹಿಸುವುದಿಲ್ಲ. ಅಜ್ಜಿಗೆ ಬೆನ್ನು ಆನಿಸಲಾಗದ ಕಲ್ಲುಬೆಂಚು ಒಗ್ಗದು. ಬಾಗಿಲಲ್ಲಿಯ ಮೂರು ಮೆಟ್ಟಿಲನ್ನು ಹತ್ತುವ ಶಕ್ತಿ ಮೊಣಕಾಲಿಗಿಲ್ಲ. ಶುಚಿಯಾದ ಶೌಚಾಲಯವಿಲ್ಲದೆಡೆ ಅರ್ಧ ಗಂಟೆ ಕಳೆಯುವ ಧೈರ್ಯವೂ ಇಲ್ಲ. ನಸುಕಿನಲ್ಲಿ ಬೀದಿ ಗುಡಿಸಿದ ಪೌರಕಾರ್ಮಿಕ ಹೆಂಗಸಿಗೆ ಬೇಸಗೆಯ ಮಧ್ಯಾಹ್ನ ಬುತ್ತಿ ಬಿಚ್ಚಲು ನೆರಳು ಬೇಕು; ಆಗ ಅನೇಕ ಪಾರ್ಕುಗಳಿಗೆ ಬೀಗ ಬಿದ್ದಿರುತ್ತದೆ. ಊರಿನ ಮನೆಯಲ್ಲಿ ಒಂದು ಕೋಣೆಗೆ ಹೀಗೆ ದಿನಕ್ಕೆ ಐದಾರು ಗಂಟೆ ಬೀಗ ಹಾಕಿದರೆ ಮನೆಯವರು ಸುಮ್ಮನಿರುವರೇ?

ನೆರಳಿನ ಮಾತು ಬಂದಾಗ ಮರದ ಮಾತನ್ನೂ ಆಡಲೇಬೇಕು. ಹೊಸ ನಕ್ಷೆಯಲ್ಲಿ ಮೊದಲು ಪೆಟ್ಟು ತಿನ್ನುವುದು ಹಳೆಯ ಮರವೇ. ಕಡಿಯದಿದ್ದರೂ ಬುಡದವರೆಗೆ ಸಿಮೆಂಟ್ ಬಳಿದು ಬೇರಿನ ಉಸಿರನ್ನೂ ನೀರನ್ನೂ ಕಟ್ಟಿಬಿಡುತ್ತಾರೆ. ದೆಹಲಿಯ ಮರಗಳಿಗೆ ಇದೇ ಸಂಕಟ ಒದಗಿದಾಗ, ಪ್ರತಿಯೊಂದು ಮರದ ಸುತ್ತ ಒಂದು ಮೀಟರಿನಷ್ಟಾದರೂ ಸಿಮೆಂಟನ್ನು ಕಿತ್ತು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2013ರಲ್ಲಿ ಆಜ್ಞೆ ಮಾಡಬೇಕಾಯಿತು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕೃಂಬಿಗಲ್ ಅವರು, ಒಂದು ಜಾತಿಯ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರೆಂಬ ಖ್ಯಾತಿಗೆ ಪಾತ್ರರಾದವರು. ಅವರು 1956ರಲ್ಲಿ ತೀರಿಕೊಂಡರು; ಹೂವಿನ ಆ ಸರದಿ ಇಂದಿಗೂ ನಡೆದಿದೆ. ಕಮಾನನ್ನು ಒಂದು ತಿಂಗಳಲ್ಲಿ ಕಟ್ಟಬಹುದು. ಹೊಂಗೆಯ ನೆರಳಿಗೆ ಒಂದು ತಲೆಮಾರು ಕಾಯಬೇಕು.

ಕಾನೂನಿನ ರಕ್ಷಣೆ ಇಲ್ಲವೆಂದಲ್ಲ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಸಂರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಕಾಯಿದೆಯೊಂದಿದೆ. ಬೆಂಗಳೂರಿನ ಸದಾಶಿವನಗರದಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ನಿವೇಶನವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದು ಸಲ್ಲದೆಂದು ಸುಪ್ರೀಂ ಕೋರ್ಟು 1991ರಲ್ಲಿ ತೀರ್ಪು ನೀಡಿತು. ಬಡಾವಣೆಯ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರಿಂದಲೇ ಅದು ಸಾಧ್ಯವಾಯಿತು. ಆದರೆ ಉಳಿಸಿಕೊಂಡ ಜಾಗದಲ್ಲಿ ಯಾರಿಗೆ ಎಡೆಯಿರಬೇಕೆಂಬುದನ್ನು ಊರಿನವರೇ ನಿರ್ಧರಿಸಬೇಕು.

ಅದಕ್ಕೆ ದುಬಾರಿ ಸಲಹೆಗಾರರ ಅಗತ್ಯವೇನೂ ಇಲ್ಲ. ಕಾಗದದ ಮೇಲೆ ಮೊದಲ ಗೆರೆ ಎಳೆಯುವ ಮುನ್ನ ಒಂದು ವಾರ ಯಾರಾದರೂ ಇಬ್ಬರು ಪಾರ್ಕಿನಲ್ಲಿ ಕುಳಿತು ಎಣಿಸಲಿ: ಬೆಳಗ್ಗೆ ಎಷ್ಟು ಜನ, ಮಧ್ಯಾಹ್ನ ಎಷ್ಟು, ಸಂಜೆ ಎಷ್ಟು, ಅವರಲ್ಲಿ ಹೆಂಗಸರೆಷ್ಟು, ಮಕ್ಕಳೆಷ್ಟು, ಕೋಲೂರಿ ಬಂದವರೆಷ್ಟು. ಅನಂತರ ಹತ್ತಿರದ ನಾಲ್ಕು ಬೀದಿಗಳ ಮನೆಮನೆಗೆ ಹೋಗಿ, ನೀವೇಕೆ ಬರುವುದಿಲ್ಲವೆಂದು ಕೇಳಲಿ. ಉತ್ತರಗಳು ಬಹಳ ಸರಳವಾಗಿರುವ ಸಂಭವವೇ ಹೆಚ್ಚು: ಒಂದು ದೀಪ, ಬೆನ್ನಿಗೆ ಆಸರೆಯುಳ್ಳ ಒಂದು ಬೆಂಚು, ಮೆಟ್ಟಿಲಿನ ಬದಲು ಒಂದು ಇಳಿಜಾರು, ಶುಚಿಯಾದ ಶೌಚಾಲಯ, ಮಧ್ಯಾಹ್ನವೂ ತೆರೆದಿರುವ ಬಾಗಿಲು. ಇವೆಲ್ಲ ಆದ ಮೇಲೂ ಹಣ ಮಿಕ್ಕಿದರೆ ಕಾರಂಜಿಯನ್ನು ಧಾರಾಳವಾಗಿ ರಿಪೇರಿ ಮಾಡಿಸಬಹುದು.